ಹನ್ನೆರಡು ಮೋಡೆಮ್‌ಗಳ ನಾಳೆ

ಅಟ್ಟದ ಮೇಲೆ ಮಾರಾಟವಾಗದೆ ಉಳಿದ ಹತ್ತೊಂಬತ್ತು ಟೇಪ್ ರೆಕಾರ್ಡರ್‌ಗಳು ಇಲ್ಲದಿದ್ದರೆ ಆ ದಿನ ಆಂಟೆನಾ ಅಷ್ಟೊಂದು ಯೋಚನೆ ಮಾಡುತ್ತಿರಲಿಲ್ಲ. ಎತ್ತರದ ಸಣಕಲು ದೇಹ, ನೆತ್ತಿಯಲ್ಲಿ ಯಾವ ಎಣ್ಣೆಗೂ ಬಗ್ಗದ ಒಂದು ಹಿಡಿ ಕೂದಲು. ಅದನ್ನು ನೋಡಿ ಬೀದಿಯವರು ಇಟ್ಟ ಆಂಟೆನಾ ಎಂಬ ಹೆಸರು ಅವನ ರೇಡಿಯೊ ರಿಪೇರಿ ಅಂಗಡಿಗೂ ಒಪ್ಪಿತ್ತು. ಯಾವುದೇ ವಸ್ತುವನ್ನು ಜನ ಕೈಬಿಡುವ ಹೊತ್ತಿಗೆ ಸರಿಯಾಗಿ ತಂದು ತುಂಬಿಕೊಳ್ಳುವುದು ಅವನ ಹಣೆಬರಹ. ಟೇಪ್ ರೆಕಾರ್ಡರ್ ತಂದ ವರ್ಷವೇ ಸಿ.ಡಿ. ಬಂದಿತ್ತು.

"ಇನ್ನೊಂದ್ಸಲ ಅಟ್ಟಕ್ಕೆ ಏನಾದ್ರೂ ಹತ್ತಿಸಿದ್ರೆ, ಅದರ ಜೊತೆ ನೀವೂ ಅಲ್ಲೇ ಮಲಗ್ಬೇಕಾಗತ್ತೆ" ಎಂದು ಹೆಂಡತಿ ಆಗಲೇ ಹೇಳಿದ್ದಳು.

ಈಗ ಕಪಾಟಿನಲ್ಲಿ ಹನ್ನೆರಡು ಮೋಡೆಮ್‌ಗಳಿದ್ದವು. ಕಂಪ್ಯೂಟರಿಗೂ ಟೆಲಿಫೋನ್ ತಂತಿಗೂ ನಡುವೆ ಕೂತು ಇಂಟರ್‌ನೆಟ್ ತರುವ, ಪುಸ್ತಕದಷ್ಟು ದಪ್ಪದ ಪೆಟ್ಟಿಗೆಗಳು. ಅತಿ ವೇಗದವು ಎಂದು ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಆದರೆ ಫೋನಿನ ಹಂಗಿಲ್ಲದೆ ಕೇಬಲ್ಲಿನಲ್ಲೇ ಬರುವ ಇಂಟರ್‌ನೆಟ್ ಊರಿಗೆ ಕಾಲಿಟ್ಟಿದೆ ಎಂಬ ಸುದ್ದಿಯೂ ಇತ್ತು. ಸಂಜೆ ಐದಕ್ಕೆ ಮೋಡೆಮ್ ಕಂಪನಿಯ ವ್ಯಾನು ಬರುವುದಿತ್ತು. ಬೇಡವಾದರೆ ಪೆಟ್ಟಿಗೆಗಳನ್ನು ವಾಪಸು ಕೊಡಬಹುದು. ಇವತ್ತು ಆರು ಗಂಟೆ ದಾಟಿದರೆ ಅವು ಅವನ ಪಾಲಿಗೇ.

ಇಟ್ಟುಕೊಳ್ಳುವುದೋ, ಕೊಡುವುದೋ? ಅತಿ ವೇಗದ ಮೋಡೆಮ್‌ಗಳ ಮಾರುಕಟ್ಟೆ ಮುಂದೆ ಹೇಗಿರುತ್ತದೆ ಎಂದು ವ್ಯಾಪಾರಿಗಳ ಸಂಘವೊಂದು ಮೂವತ್ತೊಂದು ಪುಟದ ವರದಿ ಬರೆದು ಇಂಟರ್‌ನೆಟ್ಟಿಗೆ ಹಾಕಿತ್ತು. ಈ ಸಲವಾದರೂ ತಿಳಿದು ಹೆಜ್ಜೆ ಇಡೋಣ ಎಂದು ಆಂಟೆನಾ, ಗಿರಾಕಿಗಳಿಗೆ ತೋರಿಸಲೆಂದು ಬಿಚ್ಚಿಟ್ಟಿದ್ದ ಹದಿಮೂರನೆಯ ಮೋಡೆಮ್ಮನ್ನು ಬೆಳಗ್ಗೆ ಒಂಬತ್ತೂವರೆಗೆ ಜೋಡಿಸಿದ. ಅದು ಕೀಚ್ ಎಂದಿತು, ಗೊರಗೊರ ಎಂದಿತು, ಗಂಟಲಲ್ಲಿ ಮುಳ್ಳು ಸಿಕ್ಕಿದ ಬೆಕ್ಕಿನಂತೆ ಕೆಮ್ಮಿ ಕೊನೆಗೆ ಸುಮ್ಮನಾಯಿತು. ವರದಿ ಇಳಿಯತೊಡಗಿತು. ನೂರಕ್ಕೆ ಎರಡು, ಮೂರು, ನಾಲ್ಕು. ಬೀಜ ಊರಿದವನು ಮೊಳಕೆ ಕಾಯುವಂತೆ ಅವನು ಪರದೆಯ ಮುಂದೆ ಕೂತ.

ಅರವತ್ತನಾಲ್ಕಕ್ಕೆ ನಿಂತುಹೋಯಿತು. ಮಹಡಿಯಲ್ಲಿ ಅದೇ ಲೈನಿನ ಇನ್ನೊಂದು ಫೋನನ್ನು ಹೆಂಡತಿ ಎತ್ತಿದ್ದಳು.

"ಏನ್ರೀ, ಫೋನೊಳಗೆ ಯಾರೋ ಸೀಟಿ ಹೊಡೀತಾ ಇದಾರೆ!"

"ಇಡೇ ಕೆಳಗೆ! ನಾಳೆ ಏನಾಗತ್ತೆ ಅಂತ ನೋಡ್ತಾ ಇದೀನಿ."

"ನಾಳೆದು ಹಾಗಿರ್ಲಿ. ನಮ್ಮಕ್ಕನಿಗೆ ಮಂಡಿ ನೋವು ಇವತ್ತೇ ಇದೆ."

ಅಕ್ಕನ ಮಂಡಿ ನೋವು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಲೈನ್ ಕಡಿದರೆ ವರದಿ ಮತ್ತೆ ಮೊದಲಿನಿಂದ ಬರಬೇಕು. ಬಂತು. ಎಂಬತ್ತೊಂಬತ್ತಕ್ಕೆ ಬಂದಾಗ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ಪಕ್ಕದಂಗಡಿಯ ದರ್ಜಿ ಒಳಗೆ ಬಂದ. ಅವನಿಗೆ ಸ್ವಂತ ಫೋನಿರಲಿಲ್ಲ. ಆಂಟೆನಾನ ಫೋನಿರುವಾಗ ಅದರ ಅಗತ್ಯವೂ ಕಂಡಿರಲಿಲ್ಲ. ಎಂದಿನಂತೆ ಕೇಳದೆಯೇ ರಿಸೀವರ್ ಎತ್ತಿದ.

"ಒಂದ್ನಿಮಿಷ ಅಣ್ಣಾ. ಆ ವಕೀಲರ ಪ್ಯಾಂಟು ರೆಡಿಯಾಯ್ತು ಅಂತ... ಅಯ್ಯೋ, ಇದೇನು, ಒಳಗೆ ಕೋಳಿ ಹಿಡಿದ ಹಾಗಿದೆ!"

ಪರದೆ ಅಲ್ಲಾಡದೆ ನಿಂತಿತು. ಆಂಟೆನಾ ತಲೆಯ ಮೇಲೆ ಕೈಯಿಟ್ಟುಕೊಂಡ.

"ಏನಾಯ್ತಣ್ಣಾ?"

"ಎಂಬತ್ತೊಂಬತ್ತು ಹೋಯ್ತು."

"ಅಷ್ಟೇ ತಾನೆ? ಇನ್ನೂ ಹನ್ನೊಂದು ಉಳೀತಲ್ಲ, ಬಿಡಿ."

ಆಂಟೆನಾ ಎದ್ದ. ಮಹಡಿಗೆ ಹೋಗುವ ತಂತಿಯನ್ನು ಕಿತ್ತ. ಅಂಗಡಿಯ ಫೋನನ್ನು ಬಿಚ್ಚಿ ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದ. "ಸಂಜೆವರೆಗೂ ಈ ಲೈನನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದ. ತಪ್ಪು ತನ್ನದೆಂದು ನೊಂದ ದರ್ಜಿ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕಾವಲಿಗೆ ಕೂತ. ಬಂದವರಿಗೆಲ್ಲ ಒಳಗೆ ನಡೆಯುತ್ತಿರುವುದನ್ನು ಮೊದಲಿನಿಂದ ಬಿಡಿಸಿ ಹೇಳಿದ. ಲೈನು ಮತ್ತೆರಡು ಸಲ ತಾನಾಗಿಯೇ ಕಡಿಯಿತು. ಆಂಟೆನಾ ಮತ್ತೆರಡು ಸಲ ಸೊನ್ನೆಯಿಂದ ಶುರುಮಾಡಿದ. ಹೆಂಡತಿ ಊಟದ ತಟ್ಟೆ ತಂದು ಕುಕ್ಕಿ ಹೋದಳು.

ಕಾಯುತ್ತ ಕೂತವನಿಗೆ ಒಂದು ವಿಷಯ ಹೊಳೆಯಿತು. ಇಪ್ಪತ್ತು ವರ್ಷಗಳಲ್ಲಿ ಎಷ್ಟೊಂದು ಯಂತ್ರಗಳ ಹೊಟ್ಟೆ ಬಿಚ್ಚಿದ್ದಾನೆ. ಯಾವುದು ಏಕೆ ಕೆಟ್ಟಿತೆಂದು ಹೇಳಬಲ್ಲ. ಯಂತ್ರವೊಂದು ಏನೂ ಕೆಡದೆ, ಸುಮ್ಮನೆ ಯಾರಿಗೂ ಬೇಡವಾಗುವುದು ಮಾತ್ರ ಅವನಿಗೆ ಇಂದಿಗೂ ಅರ್ಥವಾಗದ ರಿಪೇರಿ.

ನಾಲ್ಕೂಮುಕ್ಕಾಲಿಗೆ ನೂರು ತುಂಬಿತು. ಮೂವತ್ತು ಪುಟ ಹಾರಿಸಿ ಕೊನೆಯದನ್ನು ಓದಿದ. ಸಣ್ಣ ಊರುಗಳಲ್ಲಿ ಇನ್ನೂ ಮೂರು ವರ್ಷ ಬೇಡಿಕೆ ಕುಗ್ಗದು. ಶಾಲೆ, ಗ್ರಂಥಾಲಯದಂಥ ಸಂಸ್ಥೆಗಳೇ ಮುಖ್ಯ ಗಿರಾಕಿಗಳು ಎಂದಿತ್ತು. ಆಂಟೆನಾನ ನೆತ್ತಿಯ ಕೂದಲು ಇನ್ನಷ್ಟು ನೆಟ್ಟಗಾಯಿತು.

ವ್ಯಾನಿನ ಡ್ರೈವರ್ ಬಂದು, "ವಾಪಸ್ಸಾ ಯಜಮಾನ್ರೇ?" ಎಂದ.

"ಇಲ್ಲಪ್ಪ, ಇರ್ಲಿ."

"ಇಡೀ ಊರಲ್ಲಿ ಇಟ್ಕೊಂಡವ್ರು ನೀವೊಬ್ರೇ."

"ಅವರ‍್ಯಾರೂ ಓದಿಲ್ಲಪ್ಪ" ಎಂದು ಆಂಟೆನಾ ನಕ್ಕ.

ವ್ಯಾನು ಹೋಗಿ ಅರ್ಧ ಗಂಟೆಯಾಗಿತ್ತು. ಗ್ರಂಥಾಲಯದ ಮೇಡಂ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲ ಬಳಿ ನಿಂತು, ದರ್ಜಿಯೊಡನೆ ಹತ್ತು ನಿಮಿಷ ಮಾತಾಡಿ ಒಳಗೆ ಬಂದರು.

"ಬೆಳಗ್ಗೆಯಿಂದ ನಿಮಗೆ ಫೋನ್ ಮಾಡ್ತಾನೇ ಇದೀನಿ. ನಮ್ಮ ಹನ್ನೆರಡು ಶಾಖೆಗಳಿಗೂ ಮೋಡೆಮ್ ಬೇಕಿತ್ತು."

"ಇದೆ ಮೇಡಂ! ಸರಿಯಾಗಿ ಹನ್ನೆರಡೇ ಇದೆ!"

"ಬೇಕಿತ್ತು ಅಂದೆ. ಯಾವಾಗ ಮಾಡಿದ್ರೂ ಎಂಗೇಜು. ಏನೋ ಕೆಟ್ಟಿರಬೇಕು ಅಂತ ನಡ್ಕೊಂಡೇ ಬಂದೆ. ಪುಣ್ಯಕ್ಕೆ ಇವರು ಎಲ್ಲಾ ಹೇಳಿದ್ರು."

"ಒಂದನ್ನೂ ಮುಚ್ಚಿಡ್ಲಿಲ್ಲಣ್ಣಾ" ಎಂದ ದರ್ಜಿ, ಹೆಮ್ಮೆಯಿಂದ.

"ಇದು ನಡೀತಿರುವಾಗ ಫೋನೇ ಬರಲ್ವಂತಲ್ಲ? ಪುಸ್ತಕ ಇದೆಯಾ ಅಂತ ಓದುಗರು ನಮಗೆ ದಿನವಿಡೀ ಫೋನ್ ಮಾಡ್ತಾರೆ. ಮಾರೋ ನಿಮ್ಮನ್ನೇ ಹಿಡಿಯೋಕಾಗ್ಲಿಲ್ಲ ಅಂದ್ಮೇಲೆ ನಮ್ಮ ಗತಿ ಏನು? ಕೇಬಲ್ಲೇ ಹಾಕಿಸ್ತೀವಿ. ಅವರು ಆರಕ್ಕೆ ಮುಚ್ತಾರೆ, ಇಲ್ಲಿಂದ ಒಂದು ಫೋನ್ ಮಾಡ್ಕೊಳ್ಲಾ?"

ಬಂದವರಿಗೆ ಫೋನಿಲ್ಲ ಎಂದು ಆ ಅಂಗಡಿಯಲ್ಲಿ ಹೇಳಿ ಅಭ್ಯಾಸವಿರಲಿಲ್ಲ. ಆಂಟೆನಾನ ಕೈ ತಾನಾಗಿಯೇ ಡ್ರಾಯರಿನ ಬೀಗ ತೆಗೆಯಿತು, ಫೋನ್ ಜೋಡಿಸಿತು, ರಿಸೀವರನ್ನು ಅವರ ಕೈಗೆ ಕೊಟ್ಟಿತು. ಆಮೇಲೆ ನೆನಪಾಯಿತು: ಮೋಡೆಮ್ ಕಂಪನಿಯ ಆಫೀಸೂ ಆರರವರೆಗೆ ತೆರೆದಿರುತ್ತದೆ. ಒಂದು ಮಾತು ಹೇಳಿದರೆ ಸಾಕು, ವಾಪಸು ಎಂದು ಬರೆದುಕೊಳ್ಳುತ್ತಾರೆ.

"ಮೇಡಂ, ನಂದೊಂದು ಅರ್ಜೆಂಟ್..."

ಮೇಡಂ 'ಈಗಲೇ ಮುಗೀತು' ಎನ್ನುವಂತೆ ಕೈಯೆತ್ತಿದರು. "ಹಲೋ? ಹೂಂ, ಬರ್ಕೊಳ್ಳಿ. ಮೊದಲನೇ ಶಾಖೆ, ಅಂಚೆ ಕಚೇರಿ ಹಿಂದೆ. ಅಲ್ಲ ಅಲ್ಲ, ಹಿಂದೆ..."

ಎಂಟನೆಯ ಶಾಖೆಯ ವಿಳಾಸದ ನಡುವೆ ಗೋಡೆಯ ಗಡಿಯಾರ ಆರು ಹೊಡೆಯಿತು. ಮಹಡಿಯ ಮೆಟ್ಟಿಲಿನಲ್ಲಿ ನಿಂತಿದ್ದ ಹೆಂಡತಿ ಕಪಾಟಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಅಟ್ಟದಿಂದ ಕಸ ಗುಡಿಸುವ ಸದ್ದು ಬಂತು. ಆಮೇಲೆ ಚಾಪೆ ಕೊಡವಿದ ಸದ್ದು.