ಪೋಸ್ಟ್‌ಮಾಸ್ಟರರ ಲ್ಯಾಪ್‌ಟಾಪು, ಎರಡು ರಾಹುಕಾಲ

ಕೆಟ್ಟ ಯಂತ್ರವನ್ನು ಸರಿ ಮಾಡಬಹುದು, ಅದು ಹೇಗೆ ಕೆಟ್ಟಿತೆಂದು ಮನೆಯವರ ಬಾಯಿಬಿಡಿಸುವುದೇ ಕಷ್ಟ. ಹೊನ್ನಾವರದಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ಭಟ್ಕಳದಿಂದ ಕುಮಟೆಯವರೆಗೆ ಗಲ್ಫಿನ ಲ್ಯಾಪ್‌ಟಾಪುಗಳು ಬರತೊಡಗಿದ್ದವು. ಜೊತೆಗೆ ವಾರಕ್ಕೊಂದು ಇಂಥ ಪ್ರಸಂಗವೂ ಬರುತ್ತಿತ್ತು. ಕರ್ಕಿಯ ಒಂದು ಲ್ಯಾಪ್‌ಟಾಪು ಮಾತ್ರ ಒಂದೇ ವಾರದಲ್ಲಿ ನಾಲ್ಕು ಪ್ರಸಂಗ ಒದಗಿಸಿತು.

೧. ಗುಡುಗು

ತಂದವರು ನಿವೃತ್ತ ಪೋಸ್ಟ್‌ಮಾಸ್ಟರರು. ಮಗ ದುಬೈನಿಂದ ತಂದುಕೊಟ್ಟ ಯಂತ್ರ. ಶುಕ್ರವಾರ ಅದರಲ್ಲೇ ವಿಡಿಯೊ ಕರೆ ಮಾಡಿ ಅವರ ಮಗಳನ್ನು ವರನಿಗೆ ತೋರಿಸಬೇಕಿತ್ತು. ಹುಡುಗ ಮಿರ್ಜಾನದವನು, ದುಬೈನಲ್ಲಿ ಹಡಗಿನ ಕೆಲಸ. ಅದೇ ಸಂಜೆ ಹಡಗು ಹತ್ತಿದರೆ ಆರು ತಿಂಗಳು ಯಾರ ಕೈಗೂ ಸಿಗುವವನಲ್ಲ.

ಲ್ಯಾಪ್‌ಟಾಪು ಅರ್ಧ ಶುರುವಾಗುವುದು, ಆರುವುದು, ಮತ್ತೆ ಶುರುವಾಗುವುದು.

"ಎಂತ ಆತು?" ಎಂದೆ.

"ಎಂತದೂ ಆಗ್ಲಿಲ್ಲ. ಅಪ್‌ಡೇಟ್ ಆಗ್ತಿತ್ತು. ಆಫ್ ಮಾಡಬೇಡಿ ಅಂತ ಬರೆದಿತ್ತು. ನಾನು ಮಾಡಲೇ ಇಲ್ಲ."

"ಮತ್ತೆ?"

"ಗುಡುಗು ಬಂತು. ಪ್ಲಗ್ ಕಿತ್ತೆ."

ನಮ್ಮ ಕಡೆ ಗುಡುಗು ಕೇಳಿದರೆ ಮನೆಯ ಎಲ್ಲ ಪ್ಲಗ್ಗುಗಳೂ ಗೋಡೆಯಿಂದ ಹೊರಗೆ ಬರುತ್ತವೆ. ಆದರೆ ಪ್ಲಗ್ ಕಿತ್ತರೂ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯಬೇಕಲ್ಲ?

"ಅದನ್ನೂ ಕಿತ್ತು ಅಕ್ಕಿ ಡಬ್ಬಿಯಲ್ಲಿಟ್ಟೆ. ಆಫ್ ಬಟನ್ ಮಾತ್ರ ಮುಟ್ಟಲಿಲ್ಲ, ದೇವರಾಣೆ!"

೨. ತಲೆಕೆಳಗು

ಹೇಗೋ ಶುರುವಾಗುವಂತೆ ಮಾಡಿ ಕಳಿಸಿದೆ. ಮರುದಿನವೇ ಫೋನು: "ಮಗಳು ತಲೆಕೆಳಗೆ ಕಾಣ್ತಾಳೆ ಮಾರಾಯಾ!"

ಸ್ಕೂಟರ್ ಹತ್ತಿ ಕರ್ಕಿಗೆ ಹೋದೆ. ನನಗೂ ಅದನ್ನು ನೋಡುವ ಆಸೆಯೇ. ನಿಜ, ಪರದೆಯ ಮೇಲಿನ ಅಕ್ಷರಗಳೆಲ್ಲ ನೆಟ್ಟಗಿವೆ, ಕ್ಯಾಮೆರಾದ ಚಿತ್ರವೊಂದೇ ಮಗುಚಿದೆ. ಅಪ್‌ಡೇಟು ಅರ್ಧಕ್ಕೆ ನಿಂತು, ಕ್ಯಾಮೆರಾ ನಡೆಸುವ ತಂತ್ರಾಂಶ ಅದಲು ಬದಲಾಗಿತ್ತು.

ನಾನು ಇಷ್ಟು ಪತ್ತೆ ಮಾಡುವಷ್ಟರಲ್ಲಿ ಪೋಸ್ಟ್‌ಮಾಸ್ಟರರು ತಮ್ಮ ಉಪಾಯವನ್ನು ತೋರಿಸಿದರು. ಎರಡು ಸ್ಟೂಲುಗಳ ನಡುವೆ ಲ್ಯಾಪ್‌ಟಾಪನ್ನೇ ತಲೆಕೆಳಗಾಗಿ ನಿಲ್ಲಿಸಿ, "ಈಗ ಹುಡುಗನಿಗೆ ಇವಳು ಸರಿ ಕಾಣ್ತಾಳೆ" ಎಂದರು.

"ನಿಮಗೆ ಹುಡುಗ ತಲೆಕೆಳಗೆ ಕಾಣ್ತಾನಲ್ಲ?"

ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಒಳಗಿನಿಂದಲೇ ಕೂಗಿದರು: "ಅಡ್ಡಿಲ್ಲ. ನೋಡಿ ಒಪ್ಪಬೇಕಾದವನು ಅವನು."

ಪಕ್ಕದಲ್ಲಿದ್ದ ಹುಡುಗಿ ಬಾಯಿಬಿಟ್ಟಳು. "ನಾನೇನು ಶೀರ್ಷಾಸನ ಹಾಕಿ ಒಪ್ಪಬೇಕಾ ಅಜ್ಜಿ?"

೩. ಎರಡು ರಾಹುಕಾಲ

ಕೊನೆಗೆ ಎಲ್ಲ ಅಳಿಸಿ, ಯಂತ್ರವನ್ನು ಅಂಗಡಿಯಲ್ಲಿ ಕೊಂಡಾಗ ಇದ್ದ ಸ್ಥಿತಿಗೆ ತಂದೆ. ಕ್ಯಾಮೆರಾ ನೆಟ್ಟಗಾಯಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಆದ್ದರಿಂದ ಹತ್ತಕ್ಕೆ ಸರಿಯಾಗಿ ಮಾತಾಡುವುದೆಂದು ಅಜ್ಜಿ ಗೊತ್ತುಮಾಡಿದರು. ಭಯಕ್ಕೆ ನನ್ನನ್ನೂ ಕರೆಸಿಕೊಂಡಿದ್ದರು.

ಹತ್ತಕ್ಕೆ ಐದು ನಿಮಿಷವಿರುವಾಗ ಲ್ಯಾಪ್‌ಟಾಪಿಗೆ ತನ್ನ ಹಳೆಯ ಅಪ್‌ಡೇಟ್ ನೆನಪಾಯಿತು. ತಾನೇ ಆರಿತು, ತಾನೇ ಹತ್ತಿತು, "ಆಫ್ ಮಾಡಬೇಡಿ" ಎಂದಿತು. ಪೋಸ್ಟ್‌ಮಾಸ್ಟರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತರು. ಅದು ಮುಗಿದಾಗ ಹತ್ತು ನಲವತ್ತು. ರಾಹು ಬಂದು ಕೂತಾಗಿತ್ತು.

ಫೋನಿನಲ್ಲಿ ಹುಡುಗನಿಗೆ ತಿಳಿಸಿ ಹನ್ನೆರಡರವರೆಗೆ ಕಾದೆವು. ನಾನು ಕರೆಯ ಬಟನ್ ಒತ್ತಬೇಕು, ಅಷ್ಟರಲ್ಲಿ ಅಜ್ಜಿ ಪರದೆಯ ಮೂಲೆಗೆ ಬೆರಳಿಟ್ಟರು. "ಇದೆಂತಕ್ಕೆ ಹತ್ತೂವರೆ?"

"ಎಲ್ಲ ಅಳಿಸಿದ್ದಕ್ಕೆ ಗಡಿಯಾರ ವಾಪಸ್ ದುಬೈ ಟೈಮಿಗೆ ಹೋಗಿದೆ ಅಜ್ಜಿ. ಅಲ್ಲಿ ಈಗ ಹತ್ತೂವರೆ."

"ಹಾಗಾದ್ರೆ ಹುಡುಗನಿಗೆ ಈಗ ಶುರು ಆತು! ಮುಟ್ಟಬೇಡ!"

ದುಬೈ ನಮಗಿಂತ ಸರಿಯಾಗಿ ಒಂದು ರಾಹುಕಾಲದಷ್ಟು ಹಿಂದಿದೆ ಎಂಬುದನ್ನು ನನಗೆ ಯಾವ ಮೇಷ್ಟರೂ ಕಲಿಸಿರಲಿಲ್ಲ.

೪. ಮತ್ತೆ ಗುಡುಗು

ಒಂದೂವರೆ. ಎರಡೂ ದೇಶದ ರಾಹು ಹೊರಟುಹೋಗಿದ್ದ. ಇನ್ನು ಅರ್ಧ ಗಂಟೆಯಲ್ಲಿ ಹುಡುಗನನ್ನು ಬಂದರಿಗೆ ಕರೆದೊಯ್ಯಲು ಗಾಡಿ ಬರುವುದಿತ್ತು. ಒತ್ತಿದೆ. ಹುಡುಗನ ಮುಖ ಮೂಡಿತು, ನೆಟ್ಟಗೇ. ತುಟಿ ಅಲ್ಲಾಡಿತು, ದನಿ ಮಾತ್ರ ಬರಲಿಲ್ಲ. ಹುಡುಗಿ ತಲೆಯೆತ್ತಿದಳು.

ಸಮುದ್ರದ ಕಡೆ ಗುಡುಗಿತು.

ಪೋಸ್ಟ್‌ಮಾಸ್ಟರರ ಕೈ ಅವರಿಗೇ ತಿಳಿಯದೆ ಪ್ಲಗ್ಗಿನತ್ತ ಹೊರಟಿತು. ಹುಡುಗಿ ಛಂಗನೆ ಎದ್ದು ಅಡ್ಡ ನಿಂತಳು.

"ಸಿಡಿಲು ಬಡಿದ್ರೆ ಬಡೀಲಿ ಅಪ್ಪಾ! ಅವರು ಹೂಂ ಅನ್ನಲಿ, ಉಹೂಂ ಅನ್ನಲಿ, ಕೇಳದೆ ಪ್ಲಗ್ ಮುಟ್ಟಿದ್ರೆ ನೋಡಿ!"

ಅಪ್‌ಡೇಟಿನ ನಂತರ ಸತ್ತೇಹೋಗಿದೆ ಎಂದುಕೊಂಡಿದ್ದ ಸ್ಪೀಕರಿನಿಂದ ನಗು ಕೇಳಿಸಿತು. "ಹೂಂ" ಎಂದ ಹುಡುಗ. "ನೀವು?"

ಹುಡುಗಿ ಕೆಂಪಗಾಗಿ, "ಹೂಂ" ಎಂದಳು.

ಅಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ. ಮಗನತ್ತ ತಿರುಗಿ, "ಇಬ್ಬರದ್ದೂ ಹೂಂ ಆತಲ್ಲ? ಇನ್ನೆಂತ ನೋಡ್ತೆ, ಅವನು ಮಾತು ಬದಲಿಸೋದ್ರೊಳಗೆ ಕೀಳು ಪ್ಲಗ್ಗು!" ಎಂದರು.

ಪೋಸ್ಟ್‌ಮಾಸ್ಟರರು ಕಿತ್ತರು. ಬ್ಯಾಟರಿಯನ್ನೂ.