ಸದಾನಂದಣ್ಣನ ಚಿತ್ರಕ್ಕೆ ನಾನು ಮಾಡಿದ ಉಪಕಾರ

ಕಲೆಯ ವಿಷಯದಲ್ಲಿ ನನಗೆ ಒಳ್ಳೆಯ ಕಣ್ಣಿದೆ ಎಂದು ನಾನು ನಂಬಿದ್ದೆ. ಮಹಾಪೆಯ ನಮ್ಮ ಆಫೀಸಿನಲ್ಲಿ ಪರದೆಯ ಬಣ್ಣ ಆರಿಸಿದ್ದು ನಾನೇ.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮೊದಲು ಸದಾನಂದಣ್ಣ ಎಂಬ ಕಲಾವಿದರಿದ್ದರು. ನಮ್ಮ ಉಡುಪಿ ಕಡೆಯವರೇ. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುತ್ತಿದ್ದರು. ಠಾಣೆಗೆ ಮನೆ ಬದಲಿಸುವಾಗ ನಮಗೊಂದು ಪ್ರತಿ ಕೊಟ್ಟರು. ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವ ಜನ. ದಿನಾ ನೇತಾಡುವವನಿಗೆ ಅದರಲ್ಲಿ ಹೊಸತೇನೂ ಕಾಣದೆ, ಫ್ರಿಜ್ಜಿನ ಪಕ್ಕದ ಗೋಡೆಗೆ ಹಾಕಿ ಮರೆತಿದ್ದೆ. ವರ್ಷ ಕಳೆದಂತೆ ಅವರು ದೊಡ್ಡ ಹೆಸರಾದರು. ತಗಡು ಬಿಟ್ಟು ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆಯತೊಡಗಿದರು.

ಒಂದು ದಿನ ವಾಶಿಯ ಮ್ಯೂಸಿಯಮ್ಮಿನಿಂದ ಪ್ರಾಜಕ್ತಾ ಎಂಬ ಹುಡುಗಿಯ ಫೋನು ಬಂತು. ಸದಾನಂದಣ್ಣನ ಇಡೀ ಜೀವಮಾನದ ಕೆಲಸದ ಪ್ರದರ್ಶನವಂತೆ. ಆ ರೈಲಿನ ಚಿತ್ರದ ಬೇರೆ ಪ್ರತಿಗಳೆಲ್ಲ ಗೆದ್ದಲು, ತೇವ ಎಂದು ಹಾಳಾಗಿ ಉಳಿದದ್ದು ನಮ್ಮದೊಂದೇ. "ಸರ್, ಪ್ರದರ್ಶನಕ್ಕೆ ಕೊಡ್ತೀರಾ? ಕೆಳಗೆ ನಿಮ್ಮ ಹೆಸರು ಹಾಕ್ತೇವೆ."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನವೇ ರೈಲಿನ ಗೆಳೆಯರನ್ನೆಲ್ಲ ಉದ್ಘಾಟನೆಗೆ ಕರೆದೆ. ಸೊಸೈಟಿಯ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ನೀರಿನ ಟ್ಯಾಂಕರಿನ ಜಗಳದ ನಡುವೆ ಏಳು ಜನ ಹೆಬ್ಬೆರಳು ಎತ್ತಿದರು.

"ಈ ಹಳೇ ಫ್ರೇಮಿನಲ್ಲಿ ಕೊಡುವುದೇ?" ಎಂದೆ ಹೆಂಡತಿ ಶಶಿಕಲಾಳ ಹತ್ತಿರ.

"ಅವರು ಕೇಳಿದ್ದು ಚಿತ್ರ. ಇದ್ದ ಹಾಗೆ ಕೊಡಿ ಮಾರಾಯ್ರೆ."

ಇದ್ದ ಹಾಗೆ ಕೊಡುವುದು ನನ್ನ ಜಾಯಮಾನವಲ್ಲ. ಸ್ಟೇಷನ್ ರಸ್ತೆಯ ಫ್ರೇಮಿನ ಅಂಗಡಿಗೆ ಹೋಗಿ ಬಂಗಾರದ ಬಣ್ಣದ, ಹೂಬಳ್ಳಿಯ ಫ್ರೇಮು ಆರಿಸಿದೆ. ಅಂಗಡಿಯವನು ಚಿತ್ರ ಇಟ್ಟು ನೋಡಿ, "ಬಾರ್ಡರ್ ಜಾಸ್ತಿ ಹೈ ಸೇಠ್, ನಹೀಂ ಬೈಠೇಗಾ" ಎಂದ. ಫ್ರೇಮಿನಲ್ಲಿ ಕೂರುವುದಿಲ್ಲವಂತೆ. ಹೌದು, ಸುತ್ತಲೂ ಅಗಲವಾದ ಬಿಳಿ ಅಂಚು. ಅದೂ ಹಳದಿಯಾಗಿತ್ತು. ಕೆಳಗೆ ಯಾರೋ ಪೆನ್ಸಿಲಿನಲ್ಲಿ ಏನೋ ಗೀಚಿದ್ದರು.

"ಕಾಟ್ ದೋ" ಎಂದೆ, ಕತ್ತರಿಸಿಬಿಡು ಅಂತ. ರಾಜಗಾಂಭೀರ್ಯದಿಂದಲೇ ಅಂದೆ.

ಚಿತ್ರ ಒಯ್ಯಲು ಬಂದ ಪ್ರಾಜಕ್ತಾ ಮೊದಲು ಫ್ರೇಮು ನೋಡಿ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಬಗ್ಗಿ ಚಿತ್ರದ ಕೆಳಭಾಗ ನೋಡಿದಳು. ಶಶಿಕಲಾ ತಂದ ಚಹಾ ಅವಳ ಕೈಯಲ್ಲೇ ತಣ್ಣಗಾಯಿತು.

"ಸರ್, ಸಹಿ ಎಲ್ಲಿ?"

"ಯಾವ ಸಹಿ?"

"ಕೆಳಗೆ ಪೆನ್ಸಿಲಿನಲ್ಲಿ ಕಲಾವಿದರ ಸಹಿ, ಪ್ರತಿಯ ನಂಬರ್ ಇರ್ತದೆ. ಅದಿಲ್ಲದಿದ್ದರೆ ಇದು ಅವರ ಕೈಯದ್ದೇ ಎಂದು ಹೇಗೆ ಹೇಳೋದು?"

ಶಶಿಕಲಾ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂಗಡಿಗೆ ಓಡಿದೆ. ಕಸ ಬೆಳಗ್ಗೆಯೇ ಹೋಗಿತ್ತು. ಕಸದ ಗಾಡಿಯವನನ್ನು ಹುಡುಕಿದೆ, ಅವನು ಇನ್ನೊಂದು ಕಸದ ಗಾಡಿಯನ್ನು ತೋರಿಸಿದ. ಅದರಲ್ಲಿ ಮೊಣಕೈವರೆಗೆ ಕೈ ಹಾಕಿ ಹುಡುಕಿದರೂ ಸಿಕ್ಕಿದ್ದು ಯಾರದೋ ಮದುವೆಯ ಕರೆಯೋಲೆ ಮಾತ್ರ.

ಉಳಿದದ್ದು ಒಂದೇ ದಾರಿ. ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ನಾನೂ ಶಶಿಕಲಾಳೂ ಠಾಣೆಗೆ, ಸದಾನಂದಣ್ಣನ ಮನೆಗೆ ಹೊರಟೆವು. ಲೋಕಲಿನಲ್ಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. "ಟಿವಿ ಹೈ ಕ್ಯಾ?" ಎಂದು ಒಬ್ಬ ಕೇಳಿದ. ಹೌದೆಂದು ತಲೆ ಆಡಿಸಿದೆ.

ಸದಾನಂದಣ್ಣ ಚಿತ್ರವನ್ನು ಫ್ರೇಮಿನಿಂದ ಬಿಡಿಸಿ ಮೇಜಿನ ಮೇಲಿಟ್ಟು, ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು. ಅದರ ತಗಡು ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಇನ್ನೊಂದು ಒತ್ತುವ ಹಾಗಿಲ್ಲ.

"ಕತ್ತರಿಯಾ, ಬ್ಲೇಡಾ?" ಕೇಳಿದರು.

"ಬ್ಲೇಡು."

"ನೇರವಾಗಿ ಬಂದಿದೆ."

"ಸದಾನಂದಣ್ಣ, ಇನ್ನೊಮ್ಮೆ ಸಹಿ ಹಾಕಿದರೆ..." ಎಂದು ಪೆನ್ಸಿಲು ಚಾಚಿದೆ.

"ಜಾಗ ಎಲ್ಲಿ ಬಿಟ್ಟಿದ್ದೀ ಭಾಸ್ಕರ? ಈ ನೇತಾಡುವವನ ಹಣೆಯ ಮೇಲೆ ಹಾಕಲಾ?" ಎಂದವರೇ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಶಶಿಕಲಾ ನೀರು ಕೊಟ್ಟಳು. ಆಮೇಲೆ ಚಿತ್ರದ ಬೆನ್ನಿಗೆ ಸಹಿ ಹಾಕಿ, ಪ್ರಾಜಕ್ತಾಳಿಗೆ ಫೋನು ಮಾಡಿದರು. "ನನ್ನದೇ ಚಿತ್ರ. ಹೀಗೇ ತೂಗುಹಾಕಿ. ಆ ಫ್ರೇಮು ಮಾತ್ರ ಬೇಡ."

ಉದ್ಘಾಟನೆಯ ದಿನ ವಾಶಿಯಲ್ಲಿ ಜನವೋ ಜನ. ರೈಲಿನ ಗೆಳೆಯರು ನಮ್ಮ ಚಿತ್ರದ ಮುಂದೆ ನಿಂತು, "ಇವನು ನೀನೇ, ಅವನು ನಾನು" ಎಂದು ಜಾಗ ಹಂಚಿಕೊಂಡರು. ನನಗೂ ಖುಷಿ ಉಕ್ಕಿತು. ಆದರೂ ಎರಡೂ ಕೈ ಪ್ಯಾಂಟಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ.

ಕೊನೆಯ ಕೋಣೆಯಲ್ಲಿ ಡಿಜಿಟಲ್ ಚಿತ್ರಗಳು. ಕತ್ತಲ ಗೋಡೆಯ ತುಂಬ ಖಾಡಿಯ ಹಿನ್ನೀರು, ದೋಣಿ, ಬೆಳಕು. ಮುಂದೆ ಒಂದು ಟ್ಯಾಬ್ಲೆಟ್ಟು. ಬೆರಳಿನಿಂದ ಗೀಚಿದರೆ ಗೋಡೆಯ ಮೇಲೂ ಗೆರೆ ಮೂಡುತ್ತಿತ್ತು. ಎಲ್ಲರೂ ಸಾಲಿನಲ್ಲಿ ನಿಂತು ಗೀಚುತ್ತಿದ್ದರು. ನಾನು ದೂರ ನಿಂತೆ.

"ಬಾ ಭಾಸ್ಕರ, ಇದನ್ನು ಮುಟ್ಟಲಿಕ್ಕೆಂದೇ ಇಟ್ಟದ್ದು. ಹೆದರಬೇಡ," ಎಂದು ಸದಾನಂದಣ್ಣ ಎಲ್ಲರ ಎದುರೇ ಕರೆದರು.

ಒಂದು ಕೈ ಕಿಸೆಯಿಂದ ತೆಗೆದೆ. ತೋರುಬೆರಳು ಮೆಲ್ಲನೆ ಇಟ್ಟೆ.

ಗೋಡೆ ಕಪ್ಪಾಯಿತು. ಇಡೀ ಮ್ಯೂಸಿಯಮ್ಮೇ ಕಪ್ಪಾಯಿತು.

ಆ ಹೊತ್ತಿಗೆ ಅರ್ಧ ವಾಶಿಯಲ್ಲೇ ಕರೆಂಟು ಹೋಗಿತ್ತು ಎಂದು ಆಮೇಲೆ ತಿಳಿಯಿತು. ಆದರೆ ಆ ಕತ್ತಲಲ್ಲಿ ಪ್ರಾಜಕ್ತಾ, ರೈಲಿನ ಗೆಳೆಯರು, ಸೊಸೈಟಿಯವರು ಎಲ್ಲರೂ ತಮ್ಮ ತಮ್ಮ ಮೊಬೈಲಿನ ಟಾರ್ಚು ಹಾಕಿ ತಿರುಗಿಸಿದ್ದು ನನ್ನ ಮುಖಕ್ಕೇ.