ಸೆಂಟ್ರಿಂಗ್ ಬಡಗಿಯ ಸಂಕಟ

ಮಾಡಿದ್ದನ್ನು ನಾಲ್ಕು ಜನಕ್ಕೆ ತೋರಿಸದಿದ್ದರೆ ತಿಂದ ಮುದ್ದೆ ಅರಗದ ಮನುಷ್ಯ ನಾನು. ಅಂಥವನಿಗೆ ದೇವರು ಕೊಟ್ಟ ಕಸುಬು ಯಾವುದು? ಸೆಂಟ್ರಿಂಗ್ ಬಡಗಿಯದು. ಹಲಗೆ ಅಳೆದು, ಕೊಯ್ದು, ಬಿಗಿದು, ಕಾಂಕ್ರೀಟು ಸುರಿಯಲು ಅಚ್ಚು ಕಟ್ಟುತ್ತೇನೆ. ಅದು ಗಟ್ಟಿಯಾದ ಮೇಲೆ ಅಷ್ಟನ್ನೂ ನಾನೇ ಕಿತ್ತುಹಾಕುತ್ತೇನೆ. ಸೇತುವೆ ನಿಲ್ಲುತ್ತದೆ, ಬಡಗಿಯ ಕೆಲಸ ಲಾರಿ ಹತ್ತಿ ಹೋಗುತ್ತದೆ. ಬಂದ ನೆಂಟರಿಗೆ ಏನನ್ನು ತೋರಿಸಲಿ?

ನಮ್ಮಪ್ಪನಿಗೆ ಈ ಸಂಕಟವಿಲ್ಲ. ಅವನು ಕ್ಯಾತನಹಳ್ಳಿಯ ಹಳೇ ಬಡಗಿ. ಸುತ್ತಲ ಊರುಗಳಲ್ಲಿ ಅವನು ಕೂರಿಸಿದ ಬಾಗಿಲ ಮುಂದೆ ನಿಂತರೆ ಈಗಲೂ ಕಾಫಿ ಸಿಗುತ್ತದೆ. ಹೊಸ ಮನೆಗೆ ಬಾಗಿಲು ನಿಲ್ಲಿಸಿದ ದಿನ ಬಡಗಿಗೆ ಎಲೆ ಅಡಿಕೆ, ತೆಂಗಿನಕಾಯಿ, ಹೊಸ ಪಂಚೆ ಕೊಟ್ಟು ಕೈಮುಗಿಯುವುದು ನಮ್ಮ ಕಡೆಯ ರಿವಾಜು. ಆಯುಧಪೂಜೆಗೆ ಅಪ್ಪ ಉಳಿ, ಬಾಚಿ, ಗರಗಸಗಳನ್ನು ಸಾಲಾಗಿ ಜೋಡಿಸಿ ಕುಂಕುಮ ಇಡುತ್ತಾನೆ. ಹೋದ ವರ್ಷ ಆ ಸಾಲಿನ ತುದಿಗೆ ನನ್ನ ಹಳದಿ ಹೆಲ್ಮೆಟ್ಟನ್ನೂ ಸುತ್ತಿಗೆಯನ್ನೂ ಮೆಲ್ಲಗೆ ತಳ್ಳಿದೆ. ಅಪ್ಪ ಅಷ್ಟೇ ಮೆಲ್ಲಗೆ ಹೊರಕ್ಕೆ ತಳ್ಳಿದ.

"ಕಟ್ಟಿ ಕಿತ್ತಾಕೋದೂ ಒಂದು ಕಸುಬೇನ್ಲಾ? ಅದ್ಕೆ ಕುಂಕುಮ ಬೇರೆ ಕೇಡು!"

ನನ್ನ ಹೆಂಡತಿಯ ಎದುರಿಗೇ ಹೀಗಂದುಬಿಟ್ಟ.

ನಾನೇನು ಸಾಮಾನ್ಯನೇ? ನಾನು ಕೆಲಸಕ್ಕೆ ಸೇರಿದಾಗ ನಮ್ಮ ಗುತ್ತಿಗೆದಾರನ ಬಳಿ ಇದ್ದದ್ದು ಒಂದು ಮಿಕ್ಸರು ಮತ್ತು ತಳ್ಳಿದರಷ್ಟೇ ಹೊರಡುವ ಒಂದು ಲಾರಿ. ಕಟ್ಟುತ್ತಿದ್ದದ್ದು ನಾಲೆಯ ಮೇಲಿನ ಮೋರಿ. ಈಗ ನೋಡಿ, ಬೀದಿಯಷ್ಟುದ್ದದ ತೊಲೆಯನ್ನು ಕ್ರೇನು ಎತ್ತಿ, ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಕಂಬದ ಮೇಲಿಡುತ್ತದೆ. ನನ್ನ ಜತೆ ಕೆಲಸ ಕಲಿತ ಕೆ.ಆರ್. ಪೇಟೆಯವನು ಅಸ್ಸಾಮಿನಲ್ಲಿ ಸೇತುವೆ ಕಟ್ಟುತ್ತಿದ್ದಾನೆ, ನಾಗಮಂಗಲದವನು ಗುಜರಾತಿನ ರೈಲು ದಾರಿಯಲ್ಲಿದ್ದಾನೆ. ಬಿಹಾರದಿಂದ ಬಂದವರು ನಮ್ಮ ಶೆಡ್ಡಿನಲ್ಲಿ ಮುದ್ದೆ ನುಂಗುವುದನ್ನು ಕಲಿಯುತ್ತಿದ್ದಾರೆ. ಇಡೀ ದೇಶವೇ ರಸ್ತೆ ಕಟ್ಟಲು ಪಂಚೆ ಎತ್ತಿಕಟ್ಟಿ ನಿಂತಿರುವಾಗ ಅದರಲ್ಲಿ ನನ್ನದೂ ಒಂದು ಕೈಯಿದೆ ಎಂದು ಎದೆ ಉಬ್ಬುತ್ತದೆ. ಮನೆಯ ಹೊಸ್ತಿಲು ದಾಟಿ ಅಪ್ಪನ ಮುಖ ನೋಡಿದೊಡನೆ ಇಳಿಯುತ್ತಿತ್ತು, ಅಷ್ಟೇ.

ಈ ವರ್ಷ ಹಬ್ಬಕ್ಕೆ ಮುಂಚೆ, ಕನ್ನಡಕ ಮಾಡಿಸುವ ನೆಪ ಹೇಳಿ ಅಪ್ಪನನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದೆ. ಹತ್ತಿರದಲ್ಲೇ ಹೆದ್ದಾರಿಯ ಕೆಳಗೆ ಹಳ್ಳಿಗೆ ಹೋಗಲು ನಾವು ಕಟ್ಟಿದ ಅಂಡರ್‌ಪಾಸ್ ಇದೆ. ಅಲ್ಲಿ ಬೈಕು ನಿಲ್ಲಿಸಿದೆ. ಅಪ್ಪ ಗೋಡೆ ಸವರಿದ. ನನ್ನ ಹಲಗೆಯ ಎಳೆಗಳು ಕಾಂಕ್ರೀಟಿನ ಮೇಲೆ ಹಾಗೇ ಅಚ್ಚೊತ್ತಿದ್ದವು. ಅಷ್ಟರಲ್ಲಿ ಕಬ್ಬು ಹೇರಿದ ಟ್ರಾಕ್ಟರೊಂದು ಬಂದು, ಒಂದು ಗರಿಯೂ ತಗುಲದಂತೆ ಒಳಗೆ ಹಾದುಹೋಯಿತು. ಅಪ್ಪ ಮೇಲಿನ ಮೂಲೆಗಳನ್ನೇ ನೋಡುತ್ತ ನಿಂತ.

"ಬಾಗ್ಲು ಕಣ್ಲಾ ಇದು! ಇಷ್ಟು ದೊಡ್ಡ ಬಾಗ್ಲು ಕೂರ್ಸಿದ್ದೀಯ, ಬಾಯ್ಬುಟ್ಟು ಏಳಬಾರ್ದಾ?"

"ಸೆಂಟ್ರಿಂಗು ಅಂತ ಏಳ್ತಾನೇ ಇದ್ನಲ್ಲಪ್ಪ."

"ಅದೆಂತದೋ ಟ್ರಿಂಗು! ಮನೆಯವ್ರು ಪಂಚೆ ಕೊಟ್ರಾ?"

"ಎದ್ದಾರಿಗೆ ಮನೆಯವ್ರು ಯಾರಪ್ಪ?"

ಅಪ್ಪ ಸ್ವಲ್ಪ ಯೋಚಿಸಿದ. ಚಪ್ಪಲಿ ಬಿಟ್ಟು, ಕೈಮುಗಿದು, ಬಲಗಾಲು ಮುಂದಿಟ್ಟು ಒಳಗೆ ನಡೆದ. ನನಗೆ ಅಳು ಉಕ್ಕಿ ಬಂತು. ಹಿಂದೆ ಆಟೋದವನು ಹಾರ್ನ್ ಬಾರಿಸುತ್ತಿದ್ದರಿಂದ ಅಳಲು ಪುರಸೊತ್ತಾಗಲಿಲ್ಲ. ಹಬ್ಬದ ದಿನ ಅಪ್ಪ ತಾನೇ ನನ್ನ ಹೆಲ್ಮೆಟ್ಟನ್ನು ತೊಳೆದು ಬಾಚಿಯ ಪಕ್ಕಕ್ಕಿಟ್ಟು, ಹಳದಿ ಬಣ್ಣವೇ ಕಾಣದಷ್ಟು ಕುಂಕುಮ ಬಳಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಮೊನ್ನೆ ಇಬ್ಬರೂ ಆದಿಚುಂಚನಗಿರಿಗೆ ಹೊರಟಿದ್ದೆವು. ಹೆದ್ದಾರಿಯ ಸೇತುವೆಯೊಂದು ಕಂಡದ್ದೇ ತಡ, ಅಪ್ಪ ಬಸ್ಸಿಗೆಲ್ಲ ಕೇಳುವಂತೆ, "ಇದು ನಮ್ಮುಡ್ಗ ಕೂರ್ಸಿದ್ದು ಕಣ್ರಪ್ಪಾ!" ಎಂದ. ಅದನ್ನು ಕಟ್ಟಿದ್ದು ಬೇರೆ ಕಂಪನಿ. ಆ ಕಡೆ ನಾನು ಒಂದು ಮೊಳೆಯನ್ನೂ ಹೊಡೆದಿಲ್ಲ. ಜನರೆಲ್ಲ ತಿರುಗಿ ನನ್ನನ್ನೇ ನೋಡಿದರು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಮುಂದ್ಲುದು ಇನ್ನೂ ಚೆನ್ನಾಗದೆ, ನೋಡಪ್ಪ" ಎಂದೆ.